ಹಗಲಿಡೀ ಬೂಟ್ ಆಗ್ತದೆ, ಬೆಳಿಗ್ಗೆ ಎದ್ದು ನೋಡಿದರೆ ಹಾರ್ಡ್ ಡಿಸ್ಕಿನಿಂದ ಏಳುವುದೇ ಇಲ್ಲ (ಫ್ರೀಬಿಎಸ್‌ಡಿ 14)

ಕಟಪಾಡಿ_ಕ್ಯಾಸೆಟ್ · ಶನಿವಾರ, ಬೆಳಿಗ್ಗೆ 8:12

ಎಲ್ಲರಿಗೂ ನಮಸ್ಕಾರ. ಫೋನಿನಲ್ಲಿ ಬರೀತಾ ಇದ್ದೇನೆ, ಕಂಪ್ಯೂಟರ್ ಮಲಗಿದೆ. ನನ್ನ ಫೋನಿಗೆ ಕನ್ನಡ ಕೀಲಿಮಣೆಯೇ ಅಭ್ಯಾಸ, ಹಾಗಾಗಿ ಕಮಾಂಡುಗಳೂ ಕನ್ನಡದಲ್ಲೇ ಬರ್ತವೆ. ಸುಧಾರಿಸಿಕೊಳ್ಳಿ.

ನಮ್ಮ ಸೋದರಮಾವನಿಗೆ ತಾಳಮದ್ದಳೆಯ ಹುಚ್ಚು. ಎಂಬತ್ತು, ತೊಂಬತ್ತರ ದಶಕದಲ್ಲಿ ಉಡುಪಿ, ಮಂಗಳೂರು, ಕಾಸರಗೋಡು ಅಂತ ಎಲ್ಲಿ ಕೂಟ ಆದರೂ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಎದುರಿನ ಸಾಲಿನಲ್ಲಿ ಕೂತವರು. ಅವರು ತೀರಿಕೊಂಡ ಮೇಲೆ ಮೂರು ಟ್ರಂಕು ಕ್ಯಾಸೆಟ್ ನಮ್ಮ ಮನೆಯ ಉಪ್ಪರಿಗೆಗೆ ಬಂತು. ಎಣಿಸಿದರೆ 310. ಕೆಲವಕ್ಕೆ ಬೂಷ್ಟು ಹಿಡಿಯಲಿಕ್ಕೆ ಶುರುವಾಗಿದೆ. ಒಂದೊಂದಾಗಿ ಲ್ಯಾಪ್‌ಟಾಪಿಗೆ ಇಳಿಸ್ತಾ ಇದ್ದೇನೆ. 90 ನಿಮಿಷದ್ದೊಂದು ಕ್ಯಾಸೆಟ್ ವೇವ್ ಫೈಲಾದರೆ ಸುಮಾರು 950 ಎಂಬಿ. ಎಲ್ಲ ಸೇರಿದರೆ 300 ಜಿಬಿ ಹತ್ತಿರ. ಇದನ್ನೆಲ್ಲ ಇಡಲಿಕ್ಕೆ ಅಂತ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಗೊಂಡೆ. ನಾಲ್ಕನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಬೆಂಗಳೂರಲ್ಲಿರುವ ಅಳಿಯ "ಫ್ರೀಬಿಎಸ್‌ಡಿ ಹಾಕಿ, ಹಾಕಿ ಮರೆತುಬಿಡಬಹುದು" ಅಂದ. ಯುನಿಕ್ಸ್ ಜಾತಿಯ ಆಪರೇಟಿಂಗ್ ಸಿಸ್ಟಮ್ ಅದು. ಹಾಕಿದೆ. ಮರೆಯಲಿಕ್ಕೆ ಅದು ಬಿಡ್ತಾ ಇಲ್ಲ.

ಪೆನ್‌ಡ್ರೈವ್ ಹಾಕಿ, ಎಫ್11 ಒತ್ತಿ, ಮೆನುವಿನಲ್ಲಿ ಹೆಸರಿನ ಮೊದಲಿಗೆ "ಯುಇಎಫ್‌ಐ" ಅಂತ ಇದ್ದ ಪೆನ್‌ಡ್ರೈವ್ ಆರಿಸಿ ಇನ್‌ಸ್ಟಾಲ್ ಮಾಡಿದೆ. ಫೈಲ್ ಸಿಸ್ಟಮ್ ಯುಎಫ್‌ಎಸ್, ಇಡೀ ಡಿಸ್ಕ್, ಪಾರ್ಟಿಷನ್ ಪಟ್ಟಿ ಜಿಪಿಟಿ. ಒಂದು ತಕರಾರೂ ಇಲ್ಲ. ಪೆನ್‌ಡ್ರೈವ್ ಕಿತ್ತು ರೀಬೂಟ್ ಮಾಡಿದೆ, ಲಾಗಿನ್ ಬಂತು. ಮಧ್ಯಾಹ್ನವೆಲ್ಲ ಫೈಲ್ ಕಾಪಿ ಮಾಡಿದೆ. ನಡುವೆ ಎರಡು ಸಲ ರೀಬೂಟ್, ಊಟಕ್ಕೆ ಹೋಗುವಾಗ ಒಂದು ಸಲ ಪೂರ್ತಿ ಶಟ್‌ಡೌನ್. ಎಲ್ಲ ಸಲವೂ ಸರಿಯಾಗಿ ಎದ್ದಿದೆ. ರಾತ್ರಿ ಶಟ್‌ಡೌನ್ ಮಾಡಿ ಮಲಗಿದೆ.

ಬೆಳಿಗ್ಗೆ ಹಾಕಿದರೆ ಕಪ್ಪು ಪರದೆ, "ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್" ಅಂತ ಒಂದು ಸಾಲು. ಬಯಾಸ್ ಒಳಗೆ ಹಾರ್ಡ್ ಡಿಸ್ಕಿನ ಹೆಸರು ಕಾಣ್ತದೆ. ಮತ್ತೆ ಇನ್‌ಸ್ಟಾಲ್ ಮಾಡಿದೆ. ಹಗಲು ಸರಿ, ಮರುದಿನ ಬೆಳಿಗ್ಗೆ ಅದೇ ಕಥೆ. ಮೊನ್ನೆ ಮೂರನೇ ಸಲ ಇನ್‌ಸ್ಟಾಲ್ ಆಯ್ತು. ಇವತ್ತು ಮತ್ತೆ ಇಲ್ಲ. ಹಾರ್ಡ್ ಡಿಸ್ಕ್ ಹೋಗಿದೆಯಾ?

ಇನ್ನೊಂದು ಉಂಟು, ಇದಕ್ಕೂ ಅದಕ್ಕೂ ಸಂಬಂಧ ಇರಲಿಕ್ಕಿಲ್ಲ: ಮೊನ್ನೆ ಕಾಪಿ ಮಾಡಿದ ಫೈಲುಗಳಿಗೆಲ್ಲ 2013 ಜನವರಿ 1 ಅಂತ ತಾರೀಕು ಬಿದ್ದಿದೆ. ಆಮೇಲೆ ಸರಿ ಮಾಡ್ತೇನೆ ಅಂತ ಬಿಟ್ಟೆ.

ಗೋಳಿಬಜೆ · ಶನಿವಾರ, ಬೆಳಿಗ್ಗೆ 8:30

ಉಬುಂಟು ಹಾಕಿ ಮಾರಾಯ್ರೆ. ಯಾಕೆ ಬೇಕು ಈ ತಲೆಬಿಸಿ.

ಸುರತ್ಕಲ್_404 · ಶನಿವಾರ, ಬೆಳಿಗ್ಗೆ 8:51

ಹಾರ್ಡ್ ಡಿಸ್ಕ್ ಹೋಗಿರಲಿಕ್ಕಿಲ್ಲ ಅಣ್ಣಾ. ಬೂಟ್ ಕೋಡ್ ಕೂತಿಲ್ಲ ಅಷ್ಟೆ. ನನಗೂ ಹಾಸ್ಟೆಲಲ್ಲಿ ಹೀಗೇ ಆಗಿತ್ತು. ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಲೈವ್ ಸಿಸ್ಟಮ್ ಆರಿಸಿ, ರೂಟ್ ಅಂತ ಲಾಗಿನ್ ಆಗಿ ಇದನ್ನು ಹೊಡೀರಿ:

ಜಿಪಾರ್ಟ್ ಬೂಟ್‌ಕೋಡ್ -ಬಿ /ಬೂಟ್/ಪಿಎಂಬಿಆರ್ -ಪಿ /ಬೂಟ್/ಜಿಪಿಟಿಬೂಟ್ -ಐ 1 ಎಡಿಎ0

ರೀಬೂಟ್ ಮಾಡಿ. ಎರಡು ನಿಮಿಷದ ಕೆಲಸ. ಅದಕ್ಕೂ ಏಳದಿದ್ದರೆ ಜಿಪಾರ್ಟ್ ಸೆಟ್ -ಎ ಆ್ಯಕ್ಟಿವ್ ಎಡಿಎ0. ಕೆಲವು ಬೋರ್ಡಿಗೆ ಆ್ಯಕ್ಟಿವ್ ಗುರುತು ಕಾಣದಿದ್ದರೆ ಜಿಪಿಟಿ ಡಿಸ್ಕಿನಿಂದ ಏಳುವುದಿಲ್ಲ.

ರೂಟಕ್ಕ · ಶನಿವಾರ, ಬೆಳಿಗ್ಗೆ 9:05

ಕಟಪಾಡಿಯವರೇ, ಆ ಕಮಾಂಡ್ ಹೊಡೀಬೇಡಿ! ಹೊಡೆದಾಗಿದ್ದರೆ ಹೇಳಿ, ಇಲ್ಲದಿದ್ದರೆ ಕೈ ತೆಗೀರಿ. ಮೊದಲು ಬರೀ "ಜಿಪಾರ್ಟ್ ಶೋ" ಕೊಟ್ಟು ಎಂತ ಬರ್ತದೆ ಅಂತ ಬರೀರಿ.

404, ನಿನ್ನ ಡಿಸ್ಕಿನಲ್ಲಿ ಒಂದನೇ ಪಾರ್ಟಿಷನ್ ಫ್ರೀಬಿಎಸ್‌ಡಿ-ಬೂಟ್ ಇದ್ದಿರಬಹುದು. ಇವರು ಯುಇಎಫ್‌ಐಯಿಂದ ಇನ್‌ಸ್ಟಾಲ್ ಮಾಡಿದ್ದು. ಇವರಲ್ಲಿ ಒಂದನೆಯದು ಇಎಫ್‌ಐ ಪಾರ್ಟಿಷನ್ ಆಗಿರ್ತದೆ. ಅದರ ಮೇಲೆ ಜಿಪಿಟಿಬೂಟ್ ಬರೆದರೆ ಇರುವ ಬೂಟ್ ಫೈಲೂ ನಿರ್ನಾಮ. ನಾನೇ ಒಮ್ಮೆ ಹಳೇ ವರ್ಷನ್ನಿನಲ್ಲಿ ಈ ಘನಕಾರ್ಯ ಮಾಡಿ ರಾತ್ರಿ ಎರಡು ಗಂಟೆಯವರೆಗೆ ಕೂತಿದ್ದೇನೆ. ಆಫೀಸಿನ ಮೆಷಿನ್ ಬೇರೆ.

ಕಟಪಾಡಿ_ಕ್ಯಾಸೆಟ್ · ಶನಿವಾರ, ಬೆಳಿಗ್ಗೆ 10:20

ಅಕ್ಕಾ, ಅರ್ಧ ಟೈಪ್ ಮಾಡಿದ್ದೆ, ಕರೆಂಟ್ ಹೋಯ್ತು. ಜೀವಮಾನದಲ್ಲಿ ಮೊದಲ ಸಲ ಕರೆಂಟ್ ಹೋದದ್ದಕ್ಕೆ ಕೈ ಮುಗಿದೆ.

ಈಗ ಬಂದಿದೆ. ಜಿಪಾರ್ಟ್ ಶೋ ಕೊಟ್ಟರೆ ಎಡಿಎ0, ಜಿಪಿಟಿ, 932ಜಿ ಅಂತ ಮೇಲೆ ಉಂಟು. ಅದರ ಕೆಳಗೆ:

1 — ಇಎಫ್‌ಐ — 260ಎಂ
2 — ಫ್ರೀಬಿಎಸ್‌ಡಿ-ಯುಎಫ್‌ಎಸ್ — 927ಜಿ
3 — ಫ್ರೀಬಿಎಸ್‌ಡಿ-ಸ್ವಾಪ್ — 4.0ಜಿ

ಅದಲ್ಲದೆ ಡಿಎ0 ಅಂತ ಇನ್ನೊಂದು ಪಟ್ಟಿ ಬಂತು, ಅದು ಪೆನ್‌ಡ್ರೈವ್ ಇರಬೇಕು.

ಸುರತ್ಕಲ್_404 · ಶನಿವಾರ, ಬೆಳಿಗ್ಗೆ 10:26

ಸಾರಿ ಅಣ್ಣಾ. ನೋಡದೆ ಬರೆದೆ. 🙏

ರೂಟಕ್ಕ · ಶನಿವಾರ, ಬೆಳಿಗ್ಗೆ 11:10

ಹೌದು, ಡಿಎ0 ಪೆನ್‌ಡ್ರೈವ್. ಸಾಟಾ ಡಿಸ್ಕಿಗೆ ಎಡಿಎ, ಯುಎಸ್‌ಬಿಗೆ ಡಿಎ. ಈ ಒಂದಕ್ಷರ ತಪ್ಪಿ ಡಿಸ್ಕ್ ಅಳಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಸ್ವಲ್ಪ ಉದ್ದ ಬರೀತೇನೆ, ಅವಸರ ಇಲ್ಲದೆ ಓದಿ. ಡಿಸ್ಕಿನಿಂದ ಬೋರ್ಡ್ ಏಳುವುದಕ್ಕೆ ಎರಡು ದಾರಿ ಉಂಟು.

ಹಳೇ ದಾರಿ: ಬೋರ್ಡ್ ಡಿಸ್ಕಿನ ಮೊದಲ ಸೆಕ್ಟರ್, ಅಂದರೆ 512 ಬೈಟ್ ಮಾತ್ರ ಓದ್ತದೆ. ಅದರಲ್ಲಿ ಮೊದಲ 446 ಬೈಟಿನಲ್ಲಿ ಪುಟ್ಟ ಪ್ರೋಗ್ರಾಂ, ಆಮೇಲೆ 64 ಬೈಟಿನಲ್ಲಿ ನಾಲ್ಕು ಪಾರ್ಟಿಷನ್ನಿನ ಲೆಕ್ಕ, ಕೊನೆಯ ಎರಡು ಬೈಟು 55 ಎಎ ಅನ್ನುವ ಮೊಹರು. ಮೊಹರು ಸರಿ ಇದ್ದರೆ ಆ ಪ್ರೋಗ್ರಾಮಿಗೆ ಮಾತು ಬಿಟ್ಟುಕೊಟ್ಟು ಬೋರ್ಡ್ ಸುಮ್ಮನಾಗ್ತದೆ. 446 ಬೈಟಿನಲ್ಲಿ ಎಂತ ಮಾಡಲಿಕ್ಕಾಗ್ತದೆ? ಮುಂದಿನವನನ್ನು ಕರೆಯುವುದು ಅಷ್ಟೆ. ಅವನು ಇನ್ನೊಬ್ಬನನ್ನು ಕರೀತಾನೆ, ಹಾಗೆ ಸಾಲಾಗಿ ಲೋಡರ್ ಬಂದು, ಅದು ಸಿಸ್ಟಮಿನ ತಿರುಳಾದ ಕರ್ನಲ್ ತಂದು ಕೂರಿಸ್ತದೆ.

ಹೊಸ ದಾರಿ, ಯುಇಎಫ್‌ಐ: ಇಲ್ಲಿ ಬೋರ್ಡಿಗೇ ಫ್ಯಾಟ್ ಫೈಲ್ ಸಿಸ್ಟಮ್ ಓದಲಿಕ್ಕೆ ಬರ್ತದೆ. ನಿಮ್ಮ 260 ಎಂಬಿಯ ಇಎಫ್‌ಐ ಪಾರ್ಟಿಷನ್ ಒಳಗೆ ಹೋಗಿ ಲೋಡರ್.ಇಎಫ್‌ಐ ಅನ್ನುವ ಫೈಲನ್ನು ತಾನೇ ನಡೆಸ್ತದೆ. ಮೊದಲ ಸೆಕ್ಟರಿನ ಹಂಗೇ ಇಲ್ಲ. ನೀವು ಹೊಸ ದಾರಿಯಲ್ಲಿ ಇನ್‌ಸ್ಟಾಲ್ ಮಾಡಿದ್ದರಿಂದ ನಿಮ್ಮ ಮೊದಲ ಸೆಕ್ಟರಿನಲ್ಲಿ ಪ್ರೋಗ್ರಾಂ ಇರುವುದಿಲ್ಲ. ಹಳೇ ಸಾಫ್ಟ್‌ವೇರ್ ಬಂದು "ಓ, ಖಾಲಿ ಡಿಸ್ಕ್" ಅಂತ ಅಳಿಸದ ಹಾಗೆ ಕಾವಲಿಗೆ ಒಂದು ಬೇಲಿ ಮಾತ್ರ ಇರ್ತದೆ.

ಈಗ ನಿಮಗೆ ಕಂಡ ಸಾಲಿಗೆ ಬರುವ. ತಾಳಮದ್ದಳೆ ಕೇಳುವವರಲ್ವಾ ನೀವು? ಕಣ್ಣು ಮುಚ್ಚಿ ಕೂತರೂ ಯಾವ ಅರ್ಥಧಾರಿ ಮಾತಾಡ್ತಿದ್ದಾರೆ ಅಂತ ದನಿಯಲ್ಲೇ ಗೊತ್ತಾಗ್ತದೆ. ಇಲ್ಲಿಯೂ ಹಾಗೇ. "ಮಿಸ್ಸಿಂಗ್ ಬೂಟ್ ಲೋಡರ್" ಅಂತ ಬಂದಿದ್ದರೆ ಅದು ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಕೂರುವ ಪಿಎಂಬಿಆರ್ ಅನ್ನುವ ಪುಟ್ಟ ಪ್ರೋಗ್ರಾಮಿನ ದನಿ. ಬೋರ್ಡ್ ಡಿಸ್ಕನ್ನು ಓದಿ ಮಾತು ಬಿಟ್ಟುಕೊಟ್ಟಾಗಿದೆ ಅಂತ ಅರ್ಥ. "ಮೌಂಟ್‌ರೂಟ್" ಅಂತ ಕೇಳಿ ನಿಂತಿದ್ದರೆ ಅದು ಕರ್ನಲಿನ ದನಿ. ಕರ್ನಲ್ ಎದ್ದಿದೆ, ಮನೆ ಸಿಕ್ಕಿಲ್ಲ. "ರೀಬೂಟ್ ಅಂಡ್ ಸೆಲೆಕ್ಟ್" ಅನ್ನುವುದು ಬರೀ ಬೋರ್ಡಿನ ದನಿ. ಫ್ರೀಬಿಎಸ್‌ಡಿ ಇನ್ನೂ ರಂಗಕ್ಕೇ ಬಂದಿಲ್ಲ. ಹಾಗಿರುವಾಗ ಅದನ್ನು ಪುನಃ ಪುನಃ ಇನ್‌ಸ್ಟಾಲ್ ಮಾಡಿ ಎಂತ ಪ್ರಯೋಜನ?

ಒಂದು ಕೆಲಸ ಮಾಡಿ. ಪೆನ್‌ಡ್ರೈವ್ ಕಿತ್ತು ಹಾಕಿ. ಎಫ್11 ಮೆನುವಿನಲ್ಲಿ ಹಾರ್ಡ್ ಡಿಸ್ಕ್ ಎಷ್ಟು ಸಲ ಕಾಣ್ತದೆ ನೋಡಿ. ಯುಇಎಫ್‌ಐ ಅಂತ ಇರುವುದನ್ನು ಆರಿಸಿ. ಇನ್‌ಸ್ಟಾಲ್ ಮಾತ್ರ ಇನ್ನು ಮಾಡಬೇಡಿ. ಪ್ರತಿ ಸಲವೂ ಕಳ್ಳ ಬಂದ ಮನೆಯನ್ನು ಗುಡಿಸಿ ಸಾರಿಸಿ ಆಮೇಲೆ ಪೊಲೀಸರನ್ನು ಕರೆದ ಹಾಗೆ ಆಗ್ತಾ ಉಂಟು.

ಕಟಪಾಡಿ_ಕ್ಯಾಸೆಟ್ · ಶನಿವಾರ, ಮಧ್ಯಾಹ್ನ 12:02

ಎರಡು ಸಲ ಕಾಣ್ತದೆ! ಒಂದು ಬರೀ ಡಿಸ್ಕಿನ ಹೆಸರು. ಇನ್ನೊಂದಕ್ಕೆ ಹೆಸರಿನ ಮೊದಲಿಗೆ ಯುಇಎಫ್‌ಐ ಅಂತ. ಬರೀ ಹೆಸರಿನದ್ದು ಆರಿಸಿದರೆ ಅದೇ ಕಪ್ಪು ಪರದೆ. ಯುಇಎಫ್‌ಐ ಆರಿಸಿದೆ, ಲಾಗಿನ್ ಬಂತು. ಮೊನ್ನೆಯ ಫೈಲುಗಳೆಲ್ಲ ಹಾಗೇ ಇದ್ದಾವೆ. ಮೂರು ಸಲ ಸುಮ್ಮನೆ ಅಳಿಸಿ ಬರೆದೆ ಅಂತ ಈಗ ಹೊಟ್ಟೆ ಉರೀತಾ ಉಂಟು.

ಗೋಳಿಬಜೆ · ಶನಿವಾರ, ಮಧ್ಯಾಹ್ನ 12:10

ಹಾಗಾದರೆ ಮುಗೀತಲ್ಲ. ದಿನಾ ಬೆಳಿಗ್ಗೆ ಎಫ್11 ಒತ್ತಿ.

ರೂಟಕ್ಕ · ಶನಿವಾರ, ಮಧ್ಯಾಹ್ನ 12:40

ಮುಗೀಲಿಲ್ಲ. ಡಿಸ್ಕ್ ಸರಿ, ಸಿಸ್ಟಮ್ ಸರಿ, ಅಷ್ಟು ಖಾತ್ರಿಯಾಯ್ತು. ಹಗಲು ತಾನಾಗಿ ಯುಇಎಫ್‌ಐ ದಾರಿ ಹಿಡಿಯುವ ಬೋರ್ಡು ಬೆಳಿಗ್ಗೆ ಯಾಕೆ ಹಳೇ ದಾರಿ ಹಿಡೀತದೆ? ಇನ್‌ಸ್ಟಾಲರ್ ಬೋರ್ಡಿನ ನೆನಪಿನಲ್ಲಿ "ಇಂಥಾ ಫೈಲಿನಿಂದ ಏಳು" ಅಂತ ಒಂದು ನಮೂದು ಮಾಡಿ ಹೋಗಿರ್ತದೆ. "ಇಎಫ್‌ಐಬೂಟ್‌ಎಂಜಿಆರ್ -ವಿ" ಕೊಟ್ಟರೆ ಅದು ಕಾಣಬೇಕು. ಈಗ ಕೊಟ್ಟು ನೋಡಿ. ಫ್ರೀಬಿಎಸ್‌ಡಿ ಅಂತ ಸಾಲು ಉಂಟಾ, ಇದ್ದರೆ ಬೂಟ್ ಆರ್ಡರಿನಲ್ಲಿ ಎಷ್ಟನೆಯದು?

ಹಳೇಟರ್ಮಿನಲ್ · ಶನಿವಾರ, ಮಧ್ಯಾಹ್ನ 1:15

ಕದ್ರಿಯಿಂದ ಒಬ್ಬ ನಿವೃತ್ತನ ನಮಸ್ಕಾರ. ನನಗೆ ಈ ಯುಇಎಫ್‌ಐ ವಿದ್ಯೆ ಹೆಚ್ಚು ಗೊತ್ತಿಲ್ಲ. ಆದರೆ ಮೊದಲ ಪತ್ರದ ಕೊನೆಯ ಸಾಲನ್ನು ಯಾರೂ ಮುಟ್ಟಲಿಲ್ಲವಲ್ಲ?

ಯುನಿಕ್ಸಿನ ದಿನಗಣನೆ ಶುರುವಾಗುವುದು 1970 ಜನವರಿ 1ರಿಂದ. ಯುನಿಕ್ಸ್ ತಾನೇ ಲೆಕ್ಕ ತಪ್ಪಿ ಸೊನ್ನೆಗೆ ಬಂದಿದ್ದರೆ ಅದೇ ಇಸವಿ ಕಾಣಬೇಕಿತ್ತು. 2013 ಅನ್ನುವುದು ಯುನಿಕ್ಸಿನ ಲೆಕ್ಕ ಅಲ್ಲ, ಬೋರ್ಡಿನದು. ದಿನ ಮರೆತ ಬೋರ್ಡು ಉಳಿದದ್ದನ್ನೂ ಮರೆತಿರ್ತದೆ.

ಎರಡು ಪ್ರಶ್ನೆ. ಒಂದು, ಮಧ್ಯಾಹ್ನ ಊಟಕ್ಕೆ ಹೋಗುವಾಗ ಶಟ್‌ಡೌನ್ ಮಾಡಿದಾಗ ಗೋಡೆಯ ಸ್ವಿಚ್ ಆರಿಸಿದ್ದಿರಾ? ಎರಡು, ರಾತ್ರಿ?

ಕಟಪಾಡಿ_ಕ್ಯಾಸೆಟ್ · ಶನಿವಾರ, ಮಧ್ಯಾಹ್ನ 2:30

ಸರ್, ಊಟಕ್ಕೆ ಹೋಗುವಾಗ ಇಲ್ಲ. ರಾತ್ರಿ ನಾನು ಸ್ವಿಚ್ ಆರಿಸುವುದಿಲ್ಲ, ಆದರೆ ಅಮ್ಮ ಪ್ಲಗ್ಗನ್ನೇ ಕೀಳ್ತಾರೆ. ಈ ಹಿಂಗಾರಿನ ಸಿಡಿಲಿಗೆ ಎರಡು ವರ್ಷದ ಹಿಂದೆ ನಮ್ಮ ಟಿವಿ, ಮೋಡೆಮ್ ಎರಡೂ ಸುಟ್ಟಿವೆ. ಆಮೇಲೆ ಅವರು ಮಲಗುವ ಮೊದಲು ಮನೆಯಿಡೀ ಒಂದು ಸುತ್ತು ಹಾಕಿ ಫ್ರಿಜ್ ಒಂದು ಬಿಟ್ಟು ಎಲ್ಲದರ ಪ್ಲಗ್ ತೆಗೆದು ವಯರನ್ನು ಸುತ್ತಿ ಇಡ್ತಾರೆ. ಬೆಳಿಗ್ಗೆ ಕಾಫಿಗೆ ನೀರಿಡುವ ಮೊದಲು ಎಲ್ಲ ವಾಪಸ್ ಸಿಕ್ಕಿಸಿರ್ತಾರೆ, ಹಾಗಾಗಿ ನಾನು ಏಳುವಾಗ ಎಂತದೂ ಗೊತ್ತಾಗುವುದಿಲ್ಲ.

ಅಕ್ಕಾ, ಇಎಫ್‌ಐಬೂಟ್‌ಎಂಜಿಆರ್ ಕೊಟ್ಟೆ. ಫ್ರೀಬಿಎಸ್‌ಡಿ ಅಂತ ಸಾಲೇ ಇಲ್ಲ. ಬರೀ ಡಿಸ್ಕಿನ ಹೆಸರುಗಳು.

ಮಲ್ಪೆ_ಸ್ಕ್ರೂಡ್ರೈವರ್ · ಶನಿವಾರ, ಮಧ್ಯಾಹ್ನ 2:41

ಸೆಲ್ ಸತ್ತಿದೆ. ಬೋರ್ಡಿನ ಮೇಲೆ ಎಂಟಾಣೆ ಗಾತ್ರದ ಬೆಳ್ಳಿ ಬಿಲ್ಲೆ ಉಂಟಲ್ಲ, ಅದು. 2032. ನಾನು ಬಂದರಿನ ಹತ್ತಿರ ರಿಪೇರಿ ಅಂಗಡಿ ಇಟ್ಟವನು, ತಿಂಗಳಿಗೆ ಹತ್ತು ಬರ್ತದೆ ಇಂಥದ್ದು.

ಹಳೇಟರ್ಮಿನಲ್ · ಶನಿವಾರ, ಮಧ್ಯಾಹ್ನ 3:20

ಅದೇ ನನ್ನ ಅನುಮಾನವೂ. ಆದರೆ ಕ್ಯಾಸೆಟ್‌ನವರೇ, ಸೆಲ್ ತರುವ ಮೊದಲು ಪರೀಕ್ಷೆ ಮಾಡಿ. ಯುಇಎಫ್‌ಐಯಿಂದ ಎಬ್ಬಿಸಿ, ಬಯಾಸ್‌ನಲ್ಲಿ ತಾರೀಕು ಸರಿ ಮಾಡಿ, ಯುಇಎಫ್‌ಐ ಮೊದಲು ಅಂತ ಮಾಡಿ ಉಳಿಸಿ. ಶಟ್‌ಡೌನ್ ಮಾಡಿ ಪ್ಲಗ್ ಇರುವ ಹಾಗೇ ಕಾಲು ಗಂಟೆ ಬಿಡಿ, ಹಾಕಿ. ಆಮೇಲೆ ಶಟ್‌ಡೌನ್ ಮಾಡಿ ಪ್ಲಗ್ ಕಿತ್ತು ಕಾಲು ಗಂಟೆ ಬಿಡಿ, ಹಾಕಿ. ಎರಡರ ನಡುವೆ ಬೇರೆ ಎಂತದೂ ಬದಲಾಗಬಾರದು.

ಪ್ಲಗ್ ಇರುವವರೆಗೆ, ಮೆಷಿನ್ ಆರಿಸಿದ್ದರೂ ಎಸ್‌ಎಂಪಿಎಸ್, ಅಂದರೆ ಕರೆಂಟ್ ಕೊಡುವ ಪೆಟ್ಟಿಗೆ, ಬೋರ್ಡಿಗೆ 5 ವೋಲ್ಟ್ ಕೊಡ್ತಾ ಇರ್ತದೆ. ಆ ಬಲದಲ್ಲಿ ಸತ್ತ ಸೆಲ್ ಇದ್ದರೂ ನೆನಪು ನಿಲ್ತದೆ. ಪ್ಲಗ್ ಕಿತ್ತ ಮೇಲೆ ಭಾರ ಪೂರ್ತಿ ಸೆಲ್ಲಿನ ಮೇಲೆ. ಹಗಲು ಸರಿ, ಬೆಳಿಗ್ಗೆ ಇಲ್ಲ ಅನ್ನುವುದರ ಗುಟ್ಟು ಇಷ್ಟೇ ಇರಬೇಕು.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಘಟ್ಟದ ಬುಡದ ಒಂದು ಬ್ಯಾಂಕ್ ಶಾಖೆಯಲ್ಲಿದ್ದೆ. ಎಸ್‌ಸಿಓ ಯುನಿಕ್ಸಿನ ಒಂದು ಪೆಟ್ಟಿಗೆ, ಅದಕ್ಕೆ ಕೌಂಟರಿಗೊಂದರಂತೆ ಡಂಬ್ ಟರ್ಮಿನಲ್ಲು, ಅಂದರೆ ಬರೀ ಪರದೆ, ಕೀಲಿಮಣೆ. ಆಗ ಬಯಾಸಿಗೆ ಹಾರ್ಡ್ ಡಿಸ್ಕ್ ತಾನಾಗಿ ಗೊತ್ತಾಗ್ತಾ ಇರಲಿಲ್ಲ. ಸಿಲಿಂಡರ್ ಎಷ್ಟು, ಹೆಡ್ ಎಷ್ಟು, ಸೆಕ್ಟರ್ ಎಷ್ಟು ಅಂತ ನಾವೇ ಟೈಪ್ 47 ಅನ್ನುವ ಜಾಗದಲ್ಲಿ ತುಂಬಿಸಬೇಕು. ಎರಡು ದಿನ ರಜೆ ಕಳೆದು ಸೋಮವಾರ ಬಾಗಿಲು ತೆಗೆದರೆ "ಬೂಟ್" ಅಂತ ಕೇಳುವ ಸಾಲೇ ಬರಲಿಲ್ಲ. ಹೊರಗೆ ಅಡಿಕೆ ಹಣಕ್ಕೆ ಬಂದವರ ಸಾಲು. ಫ್ಲಾಪಿ ಹಾಕಿ ಎಬ್ಬಿಸಿ "ಎಚ್‌ಡಿ(40)ಯುನಿಕ್ಸ್" ಅಂತ ಹೊಡೆದೆ. ಫ್ಲಾಪಿಯಿಂದ ಎದ್ದು ಹಾರ್ಡ್ ಡಿಸ್ಕಿನ ಕರ್ನಲ್ ಎತ್ತಿಕೊಳ್ಳುವ ಉಪಾಯ ಅದು. ಅದೂ ಆಗಲಿಲ್ಲ. ಯಾಕೆ ಅಂದರೆ ಬೋರ್ಡಿನ ಪ್ರಕಾರ ಹಾರ್ಡ್ ಡಿಸ್ಕೇ ಇಲ್ಲ. ಬ್ಯಾಟರಿ ಹೋಗಿ ಟೈಪ್ 47 ಖಾಲಿಯಾಗಿತ್ತು.

ನನ್ನ ಹಿಂದೆ ಆ ಕುರ್ಚಿಯಲ್ಲಿದ್ದವರು ಪುಣ್ಯಾತ್ಮರು. ಪೆಟ್ಟಿಗೆಯ ಹಿಂದೆ ಬಿಳಿ ಕಾಗದ ಅಂಟಿಸಿ 1024, 12, 34 ಅಂತ ಬರೆದಿದ್ದರು. ತುಂಬಿಸಿದೆ, ಎದ್ದಿತು. ಗುಣಿಸಿ 512ರಿಂದ ಇನ್ನೊಮ್ಮೆ ಗುಣಿಸಿದರೆ 214 ಎಂಬಿ ಆಗ್ತದೆ. ಇಡೀ ಶಾಖೆಯ ಲೆಕ್ಕ ಅಷ್ಟರಲ್ಲಿತ್ತು. ನಿಮ್ಮ ಕಾಲು ಕ್ಯಾಸೆಟ್ಟಿಗೂ ಸಾಲದು.

ಸುರತ್ಕಲ್_404 · ಶನಿವಾರ, ಮಧ್ಯಾಹ್ನ 3:34

ಸರ್, ಇದನ್ನು ನಮ್ಮ ಲ್ಯಾಬಿನ ಗೋಡೆಗೆ ಅಂಟಿಸ್ತೇನೆ.

ಕಟಪಾಡಿ_ಕ್ಯಾಸೆಟ್ · ಶನಿವಾರ, ಸಂಜೆ 5:48

ಪರೀಕ್ಷೆ ಆಯ್ತು. ಪ್ಲಗ್ ಇದ್ದು ಕಾಲು ಗಂಟೆ: ಎದ್ದಿತು, ತಾರೀಕು ಸರಿ. ಪ್ಲಗ್ ಕಿತ್ತು ಕಾಲು ಗಂಟೆ: ಕಪ್ಪು ಪರದೆ. ಬಯಾಸ್ ಒಳಗೆ ಹೋದರೆ 2013 ಜನವರಿ 1, ಗಂಟೆ ಹನ್ನೆರಡು ದಾಟಿ ಒಂದು ನಿಮಿಷ. ಯುಇಎಫ್‌ಐ ಮೊದಲು ಅಂತ ಮಾಡಿದ್ದೂ ಹೋಗಿದೆ, "ಲೆಗಸಿ ಫಸ್ಟ್" ಅಂತ ಕೂತಿದೆ.

ನಾನು ಮಾನಿಟರ್ ಬದಲು ಹಳೇ ಟಿವಿಗೆ ಸಿಕ್ಕಿಸಿದ್ದು. ಅದು ಕಣ್ಣು ಬಿಡುವಾಗ ಐದಾರು ಸೆಕೆಂಡ್ ಆಗ್ತದೆ. ಈ ಸಲ ಮೊದಲೇ ಟಿವಿ ಹಾಕಿಟ್ಟು ನೋಡಿದೆ. ಮೊದಲಿಗೆ "ಸಿಮಾಸ್" ಎಂತದೋ "ಎರರ್", "ಡಿಫಾಲ್ಟ್" ಅಂತ ಒಂದು ಸಾಲು ಬಂದು ಹೋಗ್ತದೆ. ಇಷ್ಟು ದಿನ ಅದು ನನಗೆ ಕಾಣಲೇ ಇಲ್ಲ.

ರೂಟಕ್ಕ · ಶನಿವಾರ, ಸಂಜೆ 6:15

ಸರ್‌ಗೆ ದೊಡ್ಡ ನಮಸ್ಕಾರ. ನಾನು ಬೂಟ್ ಆರ್ಡರ್ ಹಿಡಿದು ನೇತಾಡ್ತಾ ಇದ್ದೆ.

ಲೆಗಸಿ ಫಸ್ಟ್, ಅಂದರೆ ಹಳೇ ದಾರಿ ಮೊದಲು ಅಂತ ಆದ ಕೂಡಲೇ ಬೋರ್ಡ್ ಮೊದಲ ಸೆಕ್ಟರಿಗೆ ಹೋಗ್ತದೆ, ಅಲ್ಲಿ ಬೇಲಿ ಮಾತ್ರ, ಮಾತಾಡುವವರು ಯಾರೂ ಇಲ್ಲ. ಇನ್‌ಸ್ಟಾಲರ್ ಬರೆದಿಟ್ಟ ನಮೂದು ಕೆಲವು ಬೋರ್ಡಿನಲ್ಲಿ ಫ್ಲ್ಯಾಶಿನೊಳಗೆ ಉಳೀತದೆ, ನಿಮ್ಮ ಬೋರ್ಡು ಡಿಫಾಲ್ಟಿಗೆ ಹೋಗುವಾಗ ಅದನ್ನೂ ಗುಡಿಸಿ ಹಾಕ್ತಾ ಉಂಟು. ನೀವು ಎಫ್11 ಒತ್ತಿದಾಗ ಎದ್ದದ್ದು ಇಎಫ್‌ಐ ಪಾರ್ಟಿಷನ್ನಿನೊಳಗೆ ಇಎಫ್‌ಐ, ಅದರೊಳಗೆ ಬೂಟ್ ಫೋಲ್ಡರಿನಲ್ಲಿರುವ ಬೂಟ್‌ಎಕ್ಸ್64 ಅನ್ನುವ ಫೈಲಿನಿಂದ. ಯಾವ ನಮೂದೂ ಇಲ್ಲದಿದ್ದರೆ ಬೋರ್ಡು ಕಡೆಗೆ ಹುಡುಕುವ ಹೆಸರು ಅದು.

ಸುರತ್ಕಲ್_404 · ಶನಿವಾರ, ಸಂಜೆ 6:31

ಒಂದು ಸಲಹೆ, ಈ ಸಲ ಯೋಚನೆ ಮಾಡಿ ಹೇಳ್ತಾ ಇದ್ದೇನೆ. ಇನ್‌ಸ್ಟಾಲರಿನಲ್ಲಿ ಯುಎಫ್‌ಎಸ್ ಬದಲು ಝಡ್‌ಎಫ್‌ಎಸ್ ಆಟೋ ಆರಿಸಿದರೆ "ಜಿಪಿಟಿ, ಬಯಾಸ್+ಯುಇಎಫ್‌ಐ" ಅಂತ ಉಂಟು. ಎರಡು ದಾರಿಗೂ ಬೇಕಾದದ್ದನ್ನು ಒಟ್ಟಿಗೆ ಹಾಕ್ತದೆ. ಬೋರ್ಡ್ ಲೆಗಸಿಗೆ ಹೋದರೂ ಎದ್ದೇಳ್ತದೆ. ಸೆಲ್ ಹೋದರೂ ತೊಂದರೆ ಇಲ್ಲ.

ಹಳೇಟರ್ಮಿನಲ್ · ಶನಿವಾರ, ಸಂಜೆ 7:02

ತೊಂದರೆ ಇಲ್ಲ ಅಲ್ಲ, ತೊಂದರೆ ಕಾಣುವುದಿಲ್ಲ. ಮೆಷಿನ್ ಎದ್ದೇಳ್ತದೆ, ತಾರೀಕು 2013ರಲ್ಲೇ ಇರ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಯಾವ ಕ್ಯಾಸೆಟ್ ಯಾವಾಗ ಇಳಿಸಿದ್ದು ಅಂತ ನಾಲ್ಕು ವರ್ಷ ಕಳೆದು ನೋಡಿದರೆ ಎಲ್ಲವೂ ಒಂದೇ ದಿನ. ಏಳದೆ ಮೊಂಡು ಹಿಡಿದದ್ದರಿಂದಲೇ ಅಲ್ಲವೇ ಸೆಲ್ ಸತ್ತದ್ದು ತಿಳಿದದ್ದು?

ರೂಟಕ್ಕ · ಶನಿವಾರ, ಸಂಜೆ 7:20

ನನ್ನ ಓಟು ಎರಡಕ್ಕೂ. ಮೊದಲು ಸೆಲ್. ಮುಂದೆ ಯಾವಾಗಲಾದರೂ ಡಿಸ್ಕ್ ಬದಲಾಯಿಸುವಾಗ 404 ಹೇಳಿದ ಹಾಗೆ ಎರಡು ದಾರಿ. ಈಗ ಎದ್ದು ಕೂತಿರುವುದನ್ನು ನಾಲ್ಕನೇ ಸಲ ಅಳಿಸಬೇಡಿ.

ಮಲ್ಪೆ_ಸ್ಕ್ರೂಡ್ರೈವರ್ · ಶನಿವಾರ, ರಾತ್ರಿ 8:05

ಸೆಲ್ ಹಾಕುವ ಕ್ರಮ ಹೇಳ್ತೇನೆ. ಪ್ಲಗ್ ಕೀಳಿ. ಪವರ್ ಬಟನ್ ಒಂದೆರಡು ಸಲ ಒತ್ತಿ, ಉಳಿದ ಕರೆಂಟ್ ಇಳೀಲಿ. ಕ್ಯಾಬಿನೆಟ್ಟಿನ ತಗಡು ಒಮ್ಮೆ ಮುಟ್ಟಿ. ಸೆಲ್ಲಿನ ಬದಿಯಲ್ಲಿ ಪುಟ್ಟ ಕೊಂಡಿ ಉಂಟು, ಉಗುರಿನಿಂದ ಸರಿಸಿದರೆ ತಾನೇ ಹಾರ್ತದೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಲಿಕ್ಕೆ ಹೋಗಬೇಡಿ, ನನ್ನ ಹೆಸರು ನೋಡಿ ಮೋಸ ಹೋಗಬೇಡಿ. ಪ್ಲಸ್ ಗುರುತು ಮೇಲೆ. 2032ಯೇ ತನ್ನಿ, 2025 ಕೊಟ್ಟರೆ ಬೇಡ. ಮೊದಲೆರಡು ಅಂಕೆ ಅಗಲ, 20 ಮಿಲಿಮೀಟರ್. ಕೊನೆಯ ಎರಡು ದಪ್ಪ, 3.2. 2025 ತೆಳು, ಸರಿ ತಾಗುವುದಿಲ್ಲ.

ಕಟಪಾಡಿ_ಕ್ಯಾಸೆಟ್ · ಭಾನುವಾರ, ಮಧ್ಯಾಹ್ನ 12:40

ಸೆಲ್ ತಂದು ಹಾಕಿದೆ. ಹಳೆಯದನ್ನು ಅಂಗಡಿಯವರು ಮೀಟರಿಗೆ ಹಿಡಿದರು, 1.4 ವೋಲ್ಟ್. ಹೊಸದು 3.2.

ಬೇಜಾರು ಎಂತ ಅಂದರೆ, ಪ್ಲಗ್ ಕಿತ್ತು ಅರ್ಧ ಗಂಟೆ ಬಿಟ್ಟು ಹಾಕಿದರೆ ಪುನಃ 2013. ಪುನಃ ಕಪ್ಪು ಪರದೆ. ಬೋರ್ಡೇ ಹೋಗಿದೆಯಾ?

ಗೋಳಿಬಜೆ · ಭಾನುವಾರ, ಮಧ್ಯಾಹ್ನ 12:44

ನಾನು ಏನೂ ಹೇಳುವುದಿಲ್ಲ.

ಮಲ್ಪೆ_ಸ್ಕ್ರೂಡ್ರೈವರ್ · ಭಾನುವಾರ, ಮಧ್ಯಾಹ್ನ 1:10

ನಿಮ್ಮ ಮನೆ ಸಮುದ್ರದಿಂದ ಎಷ್ಟು ದೂರ?

ಕಟಪಾಡಿ_ಕ್ಯಾಸೆಟ್ · ಭಾನುವಾರ, ಮಧ್ಯಾಹ್ನ 1:13

ಮಟ್ಟು ಕಡೆಗೆ. ರಾತ್ರಿ ತೆರೆಯ ಶಬ್ದ ಕೇಳ್ತದೆ.

ಮಲ್ಪೆ_ಸ್ಕ್ರೂಡ್ರೈವರ್ · ಭಾನುವಾರ, ಮಧ್ಯಾಹ್ನ 1:25

ಹಾಗಾದರೆ ಸೆಲ್ ತೆಗೆದು ಅದು ಕೂರುವ ಗುಂಡಿಯನ್ನು ಟಾರ್ಚ್ ಬಿಟ್ಟು ನೋಡಿ. ಅಡಿಯಲ್ಲಿ ಒಂದು ಸಣ್ಣ ನಾಲಿಗೆ, ಬದಿಯಲ್ಲಿ ಒಂದು ಪಟ್ಟಿ. ಎರಡೂ ಹೊಳೀಬೇಕು.

ಕಟಪಾಡಿ_ಕ್ಯಾಸೆಟ್ · ಭಾನುವಾರ, ಮಧ್ಯಾಹ್ನ 2:50

ಅಣ್ಣಾ, ನೀವು ಮಲ್ಪೆಯಲ್ಲಿ ಕೂತು ನಮ್ಮ ಉಪ್ಪರಿಗೆ ನೋಡಿದ ಹಾಗೆ ಹೇಳಿದಿರಿ. ಅಡಿಯ ನಾಲಿಗೆಗೆ ಹಸಿರು ಕಿಲುಬು. ಹಿತ್ತಾಳೆ ದೀಪ ತೊಳೆಯದೆ ಬಿಟ್ಟರೆ ಬತ್ತಿ ಇಡುವಲ್ಲಿ ಹಿಡೀತದಲ್ಲ, ಅದೇ ಬಣ್ಣ. ಬದಿಯ ಪಟ್ಟಿಯಲ್ಲಿ ಬಿಳಿ ಹುಡಿ. ಹೊಸ ಸೆಲ್ಲಿನ ಅಡಿಯಲ್ಲೂ ಒಂದು ಹಸಿರು ಚುಕ್ಕೆ ಮೆತ್ತಿಕೊಂಡಿದೆ.

ಮಲ್ಪೆ_ಸ್ಕ್ರೂಡ್ರೈವರ್ · ಭಾನುವಾರ, ಮಧ್ಯಾಹ್ನ 3:02

ಉಪ್ಪುಗಾಳಿ. ಮಕ್ಕಳ ಪೆನ್ಸಿಲ್ ರಬ್ಬರನ್ನು ಚೂಪಾಗಿ ಕೊಯ್ದು ಆ ನಾಲಿಗೆಯನ್ನು ಮೆಲ್ಲ ಉಜ್ಜಿ. ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹುಡಿ ತೆಗೀರಿ. ಪೂರ್ತಿ ಒಣಗಲಿ. ನಾಲಿಗೆ ಚಪ್ಪಟೆಯಾಗಿ ಮಲಗಿದ್ದರೆ ಮರದ ಕಡ್ಡಿಯಿಂದ ಒಂಚೂರು ಮೇಲೆತ್ತಿ. ಉಪ್ಪು ಕಾಗದ ಬೇಡ, ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಹಿಡೀತದೆ.

ಸಾಟಾ ಕೇಬಲನ್ನೂ ಎರಡು ಕಡೆ ಕಿತ್ತು ಎರಡು ಸಲ ಸಿಕ್ಕಿಸಿ ತೆಗೀರಿ, ಹೇಗೂ ಮುಚ್ಚಳ ತೆಗೆದಾಗಿದೆ. ಅಲ್ಲಿಯೂ ಇದೇ ರೋಗ ಕಾದಿರ್ತದೆ.

ಕಟಪಾಡಿ_ಕ್ಯಾಸೆಟ್ · ಭಾನುವಾರ, ರಾತ್ರಿ 9:15

ಉಜ್ಜಿದೆ. ರಬ್ಬರ್ ತಂಗಿಯ ಮಗಳದ್ದು, ನಾಳೆ ಹೊಸದು ತೆಗೆದುಕೊಡಬೇಕಂತೆ. ತಾಮ್ರದ ಬಣ್ಣ ಕಾಣುವವರೆಗೆ ಹೋಗಲಿಲ್ಲ, ಹೊಳಪು ಬಂದ ಕೂಡಲೇ ಬಿಟ್ಟೆ. ಸೆಲ್ ಕೂರಿಸುವಾಗ ಈ ಸಲ "ಟಕ್" ಅಂತ ಶಬ್ದ ಬಂತು. ಮೊದಲು ಬಂದಿರಲಿಲ್ಲ.

ಬಯಾಸ್‌ನಲ್ಲಿ ತಾರೀಕು, ಯುಇಎಫ್‌ಐ ಮೊದಲು. ಅಕ್ಕ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಇಎಫ್‌ಐಬೂಟ್‌ಎಂಜಿಆರಿನಿಂದ ಫ್ರೀಬಿಎಸ್‌ಡಿ ಅಂತ ನಮೂದು ಪುನಃ ಮಾಡಿದೆ. "ಸಿಸ್‌ಸಿಟಿಎಲ್ ಮ್ಯಾಕ್‌ಡೆಪ್.ಬೂಟ್‌ಮೆಥಡ್" ಕೊಟ್ಟರೆ ಯುಇಎಫ್‌ಐ ಅಂತಲೇ ಬಂತು. ಶಟ್‌ಡೌನ್ ಮಾಡಿದ್ದೇನೆ. ಅಮ್ಮನಿಗೆ ಎಂತದೂ ಹೇಳಲಿಲ್ಲ. ದೂರದಲ್ಲಿ ಗುಡುಗುವುದು ಕೇಳ್ತಾ ಉಂಟು, ಅವರ ಸುತ್ತು ಶುರುವಾಗಿದೆ.

ಸುರತ್ಕಲ್_404 · ಸೋಮವಾರ, ಬೆಳಿಗ್ಗೆ 7:02

ಎದ್ದಿತಾ?

ಹಳೇಟರ್ಮಿನಲ್ · ಸೋಮವಾರ, ಬೆಳಿಗ್ಗೆ 7:30

ನಾನೂ ಅದನ್ನೇ ಕಾಯ್ತಾ ಇದ್ದೇನೆ. ನಿವೃತ್ತನಿಗೆ ಸೋಮವಾರ ಬೆಳಿಗ್ಗೆ ಎದೆ ಹೊಡೆದುಕೊಳ್ಳುವುದು ತಪ್ಪಿತ್ತು, ಪುನಃ ಶುರುವಾಯ್ತು.

ಕಟಪಾಡಿ_ಕ್ಯಾಸೆಟ್ · ಸೋಮವಾರ, ಬೆಳಿಗ್ಗೆ 8:05

ಎದ್ದಿತು. ಎಫ್11 ಮುಟ್ಟಲಿಲ್ಲ. ತಾರೀಕು ಇವತ್ತಿನದ್ದು, ಗಂಟೆಯೂ ಗೋಡೆಯ ಗಡಿಯಾರಕ್ಕೆ ಸರಿ ಉಂಟು.

ಬಿಳಿ ಕಾಗದದಲ್ಲಿ "ಸೆಲ್ 2032, ಯುಇಎಫ್‌ಐ ಮೊದಲು, ಎಡಿಎ0 ಪಿ1 ಇಎಫ್‌ಐ, ಬರೆಯಬೇಡಿ" ಅಂತ ಬರೆದು, ಸೆಲ್ ಹಾಕಿದ ತಾರೀಕೂ ಹಾಕಿ ಕ್ಯಾಬಿನೆಟ್ಟಿನ ಹಿಂದೆ ಅಂಟಿಸಿದ್ದೇನೆ. ಅಮ್ಮ ಅದನ್ನು ಓದಿ, ಅದರ ಕೆಳಗೆ ಪೆನ್ನಿನಲ್ಲಿ "ರಾತ್ರಿ ಪ್ಲಗ್ ತೆಗೆಯುವುದು" ಅಂತ ಸೇರಿಸಿದ್ದಾರೆ.

ಹಳೇಟರ್ಮಿನಲ್ · ಸೋಮವಾರ, ಬೆಳಿಗ್ಗೆ 8:11

ಸಂತೋಷ. ಆ ಟ್ರಂಕಿನಲ್ಲಿ 1991, 92ರ ಕೂಟಗಳ ಕ್ಯಾಸೆಟ್ ಇದ್ದರೆ, ಆ ಶಾಖೆಯಲ್ಲಿದ್ದಾಗ ಶನಿವಾರ ರಾತ್ರಿ ಬಸ್ಸು ಹಿಡಿದು ಹೋಗಿ ಕೇಳಿದ್ದು ನಾನೂ ಉಂಟು. ಮುಂದಿನ ಸಾಲಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಕ್ಯಾಸೆಟ್ ತಿರುಗಿಸುವಾಗ ಅರ್ಥಧಾರಿಯನ್ನೇ ಕಣ್ಣಲ್ಲಿ ತಡೆದು ನಿಲ್ಲಿಸುವವರು ಒಬ್ಬರು ಇರ್ತಿದ್ದರು. ನಿಮ್ಮ ಮಾವ ಕನ್ನಡಕ ಹಾಕ್ತಿದ್ದರಾ?